ಇನ್ನೊಬ್ಬಳ ಮಡಿಲಕ್ಕಿ

ನಮ್ಮ ಮಳವಳ್ಳಿಯಲ್ಲಿ ಯಾರ ಮನೆಯ ಹಿರಿಯರಿಗಾದರೂ ಅರಳು ಮರಳು ಶುರುವಾಯಿತೆಂದರೆ ಜನ ಈಗ ಮೊದಲು ವಿಚಾರಿಸುವುದು ನಾಗಶ್ರೀಯ ನಂಬರನ್ನು. ಅವಳು ನನ್ನ ಮನೆಯ ಮಹಡಿಯಲ್ಲಿ ಬಾಡಿಗೆಗಿರುವುದರಿಂದ ಅರ್ಧ ಜನ ನಂಬರಿನ ಗೊಡವೆಗೇ ಹೋಗದೆ ನೇರವಾಗಿ ನನ್ನ ಗೇಟು ಬಡಿಯುತ್ತಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ಕಲಿಸಿ ಗಂಟಲು ಕೆಡಿಸಿಕೊಂಡು ನಿವೃತ್ತಳಾದವಳು ನಾನು. ಮಧ್ಯಾಹ್ನದ ನಿದ್ದೆ ಕೆಡಿಸುವವರನ್ನು ಕಂಡರೆ ಮೈ ಉರಿಯುತ್ತದೆ. ಆದರೆ ಬಾಗಿಲು ತೆಗೆದು ಎದುರಿಗೆ ನಿಂತವರ ಮುಖ ನೋಡಿದರೆ ಬೈಗುಳ ಬಾಯಲ್ಲೇ ಉಳಿಯುತ್ತದೆ. ತಾಯಿ ಒಲೆಯ ಮೇಲೆ ಹಾಲಿಟ್ಟು ಬಸ್ಸು ಹತ್ತಿಬಿಟ್ಟರು, ಅಪ್ಪ ಸ್ವಂತ ಮಗನನ್ನೇ ಕಳ್ಳ ಎಂದು ಕೂಗಿ ಬೀದಿಯವರನ್ನೆಲ್ಲ ಸೇರಿಸಿದರು, ಇಂಥವು. ಕೂರಿಸಿ, ನೀರು ಕೊಟ್ಟು, ಅವಳನ್ನು ಕರೆಯುತ್ತೇನೆ.

ಹೋಗುವಾಗ ಅವರೆಲ್ಲ ಒಂದು ಮಾತು ಹೇಳಿಯೇ ಹೋಗುತ್ತಾರೆ: ಓದಿದರೆ ಈಯಮ್ಮನ ಹಾಗೆ ಓದಬೇಕು, ಡಿಸ್ಟಿಂಕ್ಷನ್ನಂತೆ. ಆಗ ನಾಗಶ್ರೀ ಚಪ್ಪಲಿ ಹುಡುಕುವವಳಂತೆ ಬಗ್ಗಿಬಿಡುತ್ತಾಳೆ. ಆ ಡಿಸ್ಟಿಂಕ್ಷನ್ನು ಯಾವುದಕ್ಕೆ ಬಂತು, ಅದಕ್ಕಾಗಿ ಯಾರು ಏನು ಕಳೆದುಕೊಂಡರು ಎಂಬುದು ಗೊತ್ತಿರುವವರು ನಾವು ನಾಲ್ಕೈದು ಜನ ಮಾತ್ರ. ಬರೆಯಲೇ ಎಂದು ಅವಳನ್ನೇ ಕೇಳಿದೆ. “ಬರೀರಿ ಮಿಸ್. ನನ್ನ ಪರವಾಗಿ ವಕಾಲತ್ತು ಮಾತ್ರ ಬೇಡ” ಎಂದಳು. ವಕಾಲತ್ತು ವಹಿಸುವುದಿಲ್ಲ. ಹಾಗೆಂದು ಅವಳ ಮಾನವನ್ನು ಹರಾಜಿಗೂ ಇಡುವುದಿಲ್ಲ.

ನಾಗಶ್ರೀ ಪೂರಿಗಾಲಿಯವಳು. ಅಪ್ಪ ಮಹದೇವಯ್ಯನವರಿಗೆ ಒಂದಿಷ್ಟು ಗದ್ದೆ, ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಮಗಳನ್ನು ಓದಿಸಲೇಬೇಕೆಂಬ ಹಟ. ಅವ್ವ ಪಟ್ಟಲಮ್ಮ ಊರ ಗೌಡರ ಗದ್ದೆಗಳಲ್ಲಿ ನಾಟಿ ಹಾಕಿ, ಕಳೆ ಕಿತ್ತು, ಮಗಳು ಬಿಳಿ ಬಟ್ಟೆ ಹಾಕಿಕೊಂಡು ಆಸ್ಪತ್ರೆಯಲ್ಲಿ ಓಡಾಡುವುದನ್ನು ನೋಡಬೇಕೆಂದು ಕಾದಿದ್ದವರು. ನರ್ಸಿಂಗ್ ಮುಗಿಯುವ ಮೊದಲೇ ತೀರಿಕೊಂಡರು. ಮದುವೆಯಾಗಿ ಗಂಡನ ಮನೆಗೆ ಹೊರಟ ದಿನ ಅವಳ ಮಡಿಲು ತುಂಬಿದವಳು ಅತ್ತಿಗೆ. ಶಾಸ್ತ್ರಕ್ಕೆ ತುಂಬಿದಳು, ತಪ್ಪು ಹೇಳುವಂತಿಲ್ಲ. ತಾಯಿ ಹೋದ ಮೇಲೆ ತವರು ನೆಂಟರ ಮನೆಯಾಗುತ್ತದೆ ಎಂದು ನಾಗಶ್ರೀ ಒಮ್ಮೆ ನನ್ನ ಬಳಿ ಹೇಳಿದ್ದಳು.

ಅವಳ ಗಂಡ ಮಹದೇವು ಬಸ್ ಕಂಡಕ್ಟರು. ಮನೆ ಕೇಳಿಕೊಂಡು ಬಂದ ದಿನ ಇಬ್ಬರೂ ಒಂದು ಪ್ರಶ್ನೆಗಾಗಿ ಕಾಯುವವರಂತೆ ನಿಂತಿದ್ದರು. ಆ ಪ್ರಶ್ನೆಯನ್ನು ಅವರಿಗೆ ಊರಿನ ಬಹಳ ಮನೆಗಳವರು ಆಗಲೇ ಕೇಳಿದ್ದರು. ನಾನು, ನೀರು ಪೋಲು ಮಾಡುತ್ತೀರಾ ಎಂದು ಕೇಳಿದೆ. ಮಹದೇವು ನಕ್ಕ, ಅವಳು ನಗಲಿಲ್ಲ. ಅವಳ ಸ್ವಭಾವವೇ ಹಾಗೆ. ನಯವಾಗಿ ಮಾತಾಡುವವರನ್ನು ನಂಬುವುದಿಲ್ಲ, ನನ್ನಂಥ ಒರಟರ ಜೊತೆ ಬೇಗ ಹೊಂದಿಕೊಳ್ಳುತ್ತಾಳೆ.

ಕೆಲಸ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಹೊಟ್ಟೆನೋವಿಗೋ ಜ್ವರಕ್ಕೋ ದಾಖಲಾದ ಮರೆವಿನ ಮುದುಕರು ಸಂಜೆಯಾಯಿತೆಂದರೆ ಎದ್ದು ಮನೆಗೆ ಹೊರಟುಬಿಡುತ್ತಾರೆ, ಸೂಜಿ ಕಿತ್ತುಹಾಕುತ್ತಾರೆ. ವಾರ್ಡಿನಲ್ಲಿ ಅದಕ್ಕಿದ್ದ ಮದ್ದು ಒಂದೇ, ಕೈಗಳನ್ನು ಮಂಚಕ್ಕೆ ಕಟ್ಟುವುದು. “ಕಟ್ಟೋದು ನಂಗೆ ಚೆನ್ನಾಗಿ ಬರುತ್ತೆ ಮಿಸ್. ಕಟ್ಟದೆ ನೋಡ್ಕೊಳ್ಳೋದು ಹೆಂಗೆ ಅಂತ ಯಾರೂ ಹೇಳ್ಕೊಟ್ಟಿಲ್ಲ” ಎಂದು ಒಂದು ದಿನ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಮೈಸೂರಿನ ಒಂದು ಸಂಸ್ಥೆಯಲ್ಲಿ ಡಿಮೆನ್ಷಿಯಾ ಆರೈಕೆಗೆಂದೇ ಎರಡು ವರ್ಷದ ಸ್ನಾತಕೋತ್ತರ ಕೋರ್ಸು ಇದೆ, ಕೆಲಸದಲ್ಲಿದ್ದುಕೊಂಡೇ ಓದಬಹುದು ಎಂದು ಗೊತ್ತಾದದ್ದು ಆಮೇಲೆ. ಸೇರಿದಳು. ತಿಂಗಳಿಗೊಮ್ಮೆ ಮೈಸೂರಿನಲ್ಲಿ ತರಗತಿ, ಉಳಿದದ್ದು ಮೊಬೈಲಿನಲ್ಲಿ. ಜೊತೆಯಲ್ಲಿ ಫಿಸಿಯೋಥೆರಪಿಯವರು, ವೃದ್ಧಾಶ್ರಮ ನಡೆಸುವವರು, ಒಬ್ಬ ಡಾಕ್ಟರು. ಪಾಠವೆಲ್ಲ ಇಂಗ್ಲಿಷಿನಲ್ಲಿ. ನಾನು ಅವಳ ಇಂಗ್ಲಿಷ್ ತಿದ್ದಿದೆ, ಅವಳು ನನ್ನ ಬಿ.ಪಿ. ನೋಡಿದಳು.

ತಿದ್ದುತ್ತಾ ತಿದ್ದುತ್ತಾ ನನಗೂ ಒಂದಿಷ್ಟು ತಲೆಗೆ ಹತ್ತಿತು. ಮರೆತವರ ಜೊತೆ ವಾದ ಮಾಡಬಾರದು, ಅವರ ಮಾತಿನ ಹಿಂದಿರುವ ನೋವಿಗೆ ಉತ್ತರ ಕೊಡಬೇಕು. ಹಾಗೆಂದು ಸುಳ್ಳು ಹೇಳಿ ನಂಬಿಸಲೂಬಾರದು. ಮಗಳೆಲ್ಲಿ ಎಂದು ಕೇಳಿದರೆ, ಬರುವುದಿಲ್ಲ ಎನ್ನಬೇಡಿ, ಬಂದಳು ಎಂದೂ ಅನ್ನಬೇಡಿ. ಮಗಳು ನೆನಪಾದಳೇ, ಅವಳ ವಿಷಯ ಹೇಳಿ ಎನ್ನಿ. ಅವರ ಗೈಡ್ ಮೇಡಂ ಇದನ್ನು ತರಗತಿಯಲ್ಲಿ ಎದುರುಬದುರು ಕೂರಿಸಿ ಅಭ್ಯಾಸ ಮಾಡಿಸಿದ್ದರಂತೆ. ನಾಗಶ್ರೀ ನನ್ನ ಮೇಲೂ ಪ್ರಯೋಗ ಮಾಡಿದಳು. ನನಗಿನ್ನೂ ಆ ಕಾಲ ಬಂದಿಲ್ಲ ಕಣೇ ಎಂದು ಗದರಿದೆ.

ಎರಡನೇ ವರ್ಷ ಎಲ್ಲರೂ ಒಬ್ಬೊಬ್ಬ ರೋಗಿಯನ್ನು ಅವರ ಮನೆಗೇ ಹೋಗಿ ನೋಡಿಕೊಂಡು ಪ್ರಬಂಧ ಬರೆಯಬೇಕಿತ್ತು. ನಾಗಶ್ರೀ ಆರಿಸಿಕೊಂಡದ್ದು ಆತಗೂರಿನ ಮಂಗಳಮ್ಮನವರನ್ನು. ಗಂಡ ಕರಿಯಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ಶಶಿಧರ್ ಕಬ್ಬು, ಭತ್ತ ನೋಡಿಕೊಳ್ಳುತ್ತಾನೆ, ಸೊಸೆ ಶ್ವೇತ ಮನೆ ನೋಡಿಕೊಳ್ಳುತ್ತಾಳೆ. ಇಬ್ಬರೂ ಮುದುಕಿಯನ್ನು ಕೈಬಿಟ್ಟವರಲ್ಲ. ಹೊತ್ತುಹೊತ್ತಿಗೆ ಉಣ್ಣಿಸಿ, ಸ್ನಾನ ಮಾಡಿಸಿ, ಅರ್ಥವಾಗದ ಕಾಯಿಲೆಯ ಜೊತೆ ಗುದ್ದಾಡಿ ಸುಸ್ತಾಗಿದ್ದರು.

ಮೊದಲ ಭೇಟಿಯಲ್ಲೇ ಶಶಿಧರ್ ಕೇಳಿದನಂತೆ, “ಪೂರಿಗಾಲೀಲಿ ಯಾರ ಪೈಕಿ ಸಿಸ್ಟರ್ ನೀವು?” ನಮ್ಮ ಕಡೆ ಈ ಪ್ರಶ್ನೆಯ ಅರ್ಥ ಎಳೆ ಮಕ್ಕಳಿಗೂ ಗೊತ್ತು. ನಾಗಶ್ರೀ ಸುತ್ತಿಬಳಸದೆ ತನ್ನ ಕೇರಿಯ ಹೆಸರು ಹೇಳಿದಳು. ಅವನು ಕೆಟ್ಟ ಮಾತೇನೂ ಆಡಲಿಲ್ಲ. ಜಗುಲಿಯ ಮೇಲೆ ಕುರ್ಚಿ ಹಾಕಿಸಿದ. ಕಾಫಿ ಪೇಪರ್ ಲೋಟದಲ್ಲಿ ಬಂತು. ಕರೋನಾ ಆದ ಮೇಲೆ ಎಲ್ಲರಿಗೂ ಇದರಲ್ಲೇ ಕೊಡೋದು ಎಂದು ಶ್ವೇತ ತಾನಾಗಿಯೇ ಹೇಳಿ, ಹೇಳಿದ್ದಕ್ಕೆ ತಾನೇ ನಾಚಿಕೊಂಡಳು. ಒಳಗೆ ಸ್ಟೀಲ್ ಲೋಟಗಳು ಮಿರಮಿರನೆ ಮಿಂಚುತ್ತಿದ್ದವು.

ಮಂಗಳಮ್ಮನಿಗೆ ಒಬ್ಬ ಮಗಳೂ ಇದ್ದಾಳೆ, ಅವಳ ಹೆಸರೆತ್ತಬಾರದು ಎಂಬುದೂ ಆಗಲೇ ಗೊತ್ತಾಯಿತು. ಶ್ವೇತ ಹಿತ್ತಿಲಿಗೆ ಕರೆದುಕೊಂಡು ಹೋಗಿ ಪಿಸುಗುಟ್ಟಿದ ಕಥೆ ಇಷ್ಟು. ಮಗಳು ಸೌಮ್ಯ ಮದ್ದೂರಿನಲ್ಲಿ ಟೀಚರಾಗಿದ್ದಾಗ ಜೊತೆಯ ಮೇಷ್ಟ್ರು ಅಶೋಕನನ್ನು ರಿಜಿಸ್ಟರ್ ಮದುವೆಯಾದಳು. ಅಶೋಕ ನಾಗಶ್ರೀಯ ಜನದವನು. ಮದುವೆಯಾದ ದಿನವೇ ಅವನನ್ನು ಕರೆದುಕೊಂಡು ಅವ್ವನ ಬಾಗಿಲಿಗೆ ಬಂದಳು. ಮಂಗಳಮ್ಮ ಹೊಸ್ತಿಲ ಮೇಲೆ ನಿಂತು, ಒಳಗೆ ಬರುವುದಾದರೆ ನೀನೊಬ್ಬಳೇ ಬಾ ಎಂದರು. ಸೌಮ್ಯ ಹಾಗೇ ಹಿಂತಿರುಗಿದಳು. ಅಷ್ಟೇ. ಇಪ್ಪತ್ತು ವರ್ಷದ ಮೇಲಾಯಿತು, ಮಂಡ್ಯದಲ್ಲಿರುವ ಮಗಳು ಆತಗೂರಿಗೆ ಕಾಲಿಟ್ಟಿಲ್ಲ, ತಾಯಿ ಮಂಡ್ಯಕ್ಕೆ ಹೋಗಿಲ್ಲ. ಆಡಿಕೊಳ್ಳುವ ಬಾಯಿಗಳು ನಡುವೆ ಉಪ್ಪುಖಾರ ಹಚ್ಚಿ, ನಾನು ಸತ್ತರೂ ಅವಳು ಮುಖ ನೋಡಬಾರದೆಂದು ಅವ್ವ ಹೇಳಿದ್ದಾಳೆ ಎಂದು ಅಲ್ಲಿಗೆ ಮುಟ್ಟಿಸಿದ್ದವು.

ಈಗ ಆ ಜಗಳವನ್ನೇ ಮಂಗಳಮ್ಮ ಮರೆತಿದ್ದರು. ಮಗಳು ಮಾತ್ರ ನೆನಪಿದ್ದಳು. ಸಂಜೆ ಇಳಿಬಿಸಿಲಾಯಿತೆಂದರೆ ಚಪ್ಪಲಿ ಮೆಟ್ಟಿ, ಸೌಮ್ಯ ಬಸ್ಸಿಳಿಯುವ ಹೊತ್ತಾಯಿತು, ಕರ್ಕೊಂಡು ಬರಬೇಕು ಎಂದು ಹೊರಡುತ್ತಿದ್ದರು. ತಡೆದರೆ ಕಚ್ಚುತ್ತಿದ್ದರು, ಪರಚುತ್ತಿದ್ದರು. ಶಶಿಧರ್ ಸಾಕಾಗಿ ಒಂದು ಉಪಾಯ ಕಂಡುಕೊಂಡಿದ್ದ. ಅದನ್ನು ಉಪಾಯ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಾಗಶ್ರೀ ಅದನ್ನು ಕಂಡದ್ದು ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ. ಅವಳು ಅಂಗಳಕ್ಕೆ ಕಾಲಿಡುವಾಗ ಶಶಿಧರ್ ತಾಯಿಯ ಎರಡೂ ತೋಳು ಹಿಡಿದುಕೊಂಡು, “ಸೌಮ್ಯ ಸತ್ತೋದ್ಲು ಕಣವ್ವ. ಎಷ್ಟು ಸಲ ಏಳನ ನಿಂಗೆ, ಸತ್ತೋದ್ಲು” ಎನ್ನುತ್ತಿದ್ದ. ದಿನವೂ ಹೇಳುವ ಮಾತು ಅವನಿಗೆ. ಆ ತಾಯಿಗೆ ದಿನವೂ ಹೊಸ ಸುದ್ದಿ. ಮಂಗಳಮ್ಮ ನೆಲಕ್ಕೆ ಕುಸಿದು ಎದೆ ಎದೆ ಬಡಿದುಕೊಂಡು ಅಳತೊಡಗಿದರು. ಒಳಗಿನಿಂದ ಶ್ವೇತ, ಬೇಡ ಕಣ್ರೀ ಎಂದು ಅಳುತ್ತಿದ್ದಳು. ನಾಗಶ್ರೀಗೆ ಆ ಕ್ಷಣದಲ್ಲಿ ಮೈಸೂರಿನ ತರಗತಿಯೂ ಇಲ್ಲ, ಅಭ್ಯಾಸವೂ ಇಲ್ಲ. ಓಡಿಹೋಗಿ ಮುದುಕಿಯ ಕೈ ಹಿಡಿದುಕೊಂಡಳು.

“ಅಳಬ್ಯಾಡ ಕಣವ್ವ. ಬಂದಿವ್ನಿ ನೋಡು.”

ಅಳು ಅಲ್ಲಿಗೇ ನಿಂತಿತು. ಮಂಗಳಮ್ಮ ಅವಳ ಕೆನ್ನೆ, ತಲೆ, ಕೈಬಳೆ ಎಲ್ಲ ಮುಟ್ಟಿ ನೋಡಿದರು. “ಈಗ ಬಂದ್ಯಾ? ಬಿಸ್ಲಲ್ಲಿ ನಡ್ಕಂಡು ಬಂದ್ಯಾ? ಬಾ, ಒಳಿಕ್ಕೆ ಬಾ” ಎಂದು ಜಗುಲಿ ದಾಟಿಸಿ, ಹೊಸ್ತಿಲು ದಾಟಿಸಿ, ನೇರ ಅಡುಗೆಮನೆಗೆ ಕರೆದೊಯ್ದರು. ತಾವೇ ಮುದ್ದೆ ಮುರಿದು ಉಪ್ಸಾರು ಬಿಟ್ಟರು. ಶಶಿಧರ್ ಬಾಗಿಲಲ್ಲಿ ನಿಂತು ನೋಡಿದ. ಬೇಡ ಎನ್ನಲಿಲ್ಲ, ತಿಂಗಳುಗಳ ಮೇಲೆ ಅವ್ವ ಆವತ್ತು ನಕ್ಕಿದ್ದರು.

ಹೊರಡುವಾಗ ಮಂಗಳಮ್ಮ ಬಿಡಲಿಲ್ಲ. ತವರಿಗೆ ಬಂದ ಮಗಳು ಬರೀ ಮಡಿಲಲ್ಲಿ ಹೋಗುವುದುಂಟೇ ಎಂದು ಮೊರದಲ್ಲಿ ಅಕ್ಕಿ, ಒಂದು ಅಚ್ಚು ಬೆಲ್ಲ, ಕಾಯಿ, ಎಲೆ ಅಡಿಕೆ ಇಟ್ಟುಕೊಂಡು ಬಂದರು. ನಾಗಶ್ರೀ ಚೂಡಿದಾರದ ವೇಲನ್ನೇ ಒಡ್ಡಿದಳು. “ಸೀರೆ ಉಟ್ಕಂಡು ಬರಬಾರ್ದೇನವ್ವ” ಎಂದು ಗೊಣಗುತ್ತಾ ತಾಯಿ ಬೊಗಸೆ ಬೊಗಸೆ ತುಂಬಿದರು. ಶಾಸ್ತ್ರದಂತೆ ನಾಗಶ್ರೀ ಒಂದು ಹಿಡಿ ಅಕ್ಕಿಯನ್ನು ಹಿಂದಕ್ಕೆ ಮೊರಕ್ಕೆ ಹಾಕಿದಳು, ತವರು ತಣ್ಣಗಿರಲಿ ಎಂದು.

ಮನೆಗೆ ಬಂದವಳು ವೇಲಿನ ಗಂಟನ್ನು ನನ್ನ ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಅವಳ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿರಲಿಲ್ಲ. “ಅವರ ಒಲೆ ಮುಂದೆ ಕುಂತು ಉಂಡು ಬಂದೆ ಮಿಸ್” ಎಂದಳು. ರೋಗಿ ಸಮಾಧಾನವಾದದ್ದು, ಅಳು ನಿಂತದ್ದು, ಎಲ್ಲ ಆಮೇಲೆ ಹೇಳಿದಳು. ಮೊದಲು ಹೇಳಿದ್ದು ಒಲೆಯ ವಿಷಯ.

ಅದು ಗೆಲುವೇ. ಅವಳ ಅವ್ವ ಪಟ್ಟಲಮ್ಮ ಅಂಥ ಮನೆಗಳ ಹಿತ್ತಿಲಲ್ಲಿ ಎತ್ತಿ ಹಾಕಿದ ಮುದ್ದೆಯನ್ನು ಸೆರಗೊಡ್ಡಿ ಇಸಿದುಕೊಂಡವರು. ಮಗಳಿಗೆ ಅಂಥದೇ ಮನೆಯ ಯಜಮಾನಿ ನೆಲಕ್ಕೆ ಮಣೆ ಹಾಕಿ ಬಡಿಸಿದ್ದಾರೆ ಎಂದರೆ ಯಾರಿಗೆ ಎದೆ ಉಬ್ಬುವುದಿಲ್ಲ? ಜೊತೆಗೆ, ತಾಯಿಯಿಲ್ಲದವಳಿಗೆ ಮಡಿಲು ತುಂಬುವ ಎರಡು ಕೈ ಸಿಕ್ಕಿದ್ದವು. ನನಗೆ ಈಗಲೂ ಆ ಸಂತೋಷದ ಮೇಲೆ ಸಿಟ್ಟಿಲ್ಲ. ಸಿಟ್ಟಿರುವುದು ಪ್ರಬಂಧದಲ್ಲಿ ಅದಕ್ಕೆ ಅವಳು ಚಿಕಿತ್ಸೆಯ ಇಂಗ್ಲಿಷ್ ಹೆಸರುಗಳನ್ನು ಅಂಟಿಸಿದ್ದಕ್ಕೆ.

ಅಂದಿನಿಂದ ಪ್ರತಿ ಭೇಟಿಯೂ ಮಗಳ ಭೇಟಿಯೇ. ಆತಗೂರಿಗೆ ಹೋಗುವ ದಿನ ನಾಗಶ್ರೀ ಸೀರೆ ಉಡತೊಡಗಿದಳು. ಮಹದೇವು ನನ್ನ ಮುಂದೆಯೇ ಚುಡಾಯಿಸುತ್ತಿದ್ದ, “ನಮ್ಮತ್ತೆ ಮನೆಗೆ ಓಯ್ತಾವ್ಳೆ ಮಿಸ್, ಅಳಿಯನಿಗೆ ಏನು ಕೊಟ್ಟು ಕಳಿಸ್ತಾರೋ ನೋಡ್ಬೇಕು.” ಪೇಪರ್ ಲೋಟ ಹೋಯಿತು, ಜಗುಲಿಯ ಕುರ್ಚಿ ಹೋಯಿತು. ಶಶಿಧರ್ ಸೌಮ್ಯ ಸತ್ತಳೆನ್ನುವುದನ್ನು ಬಿಟ್ಟ. ಬಸ್ ಸ್ಟಾಪಿನ ಹಟ ಎದ್ದಾಗ ಫೋನು ಮಾಡಿ ನಾಗಶ್ರೀಯ ಧ್ವನಿ ಕೇಳಿಸುತ್ತಿದ್ದ. ಭಾನುವಾರ ಬತ್ತೀನಿ ಕಣವ್ವ ಎಂದರೆ ಮುದುಕಿ ಚಪ್ಪಲಿ ಬಿಟ್ಟು ಊಟಕ್ಕೆ ಕೂರುತ್ತಿದ್ದರು. ನಿದ್ದೆ ಬಂತು, ತೂಕ ಹೆಚ್ಚಿತು, ಮದ್ದಿನ ಪ್ರಮಾಣ ಇಳಿಯಿತು. ಪ್ರಬಂಧಕ್ಕೆ ಇನ್ನೇನು ಬೇಕು.

ಗೈಡ್ ಮೇಡಂ ಮಾತ್ರ ಒಪ್ಪಲಿಲ್ಲ. ಕರಡು ಓದಿ, ನೀವು ಆ ನೋವಿಗೆ ಉತ್ತರ ಕೊಡಲಿಲ್ಲ, ಆ ಮಗಳ ಜಾಗದಲ್ಲಿ ಕುಳಿತಿರಿ, ಇದು ಯಾರಿಗೋಸ್ಕರ ನಾಗಶ್ರೀ ಎಂದು ಫೋನಿನಲ್ಲಿ ಕೇಳಿದರಂತೆ. ಅವಳು ಸಿಡಿಮಿಡಿಗೊಂಡು ಮೆಟ್ಟಿಲಿಳಿದು ಬಂದಳು. “ಮೈಸೂರಲ್ಲಿ ಏಸಿ ರೂಮಲ್ಲಿ ಕುಂತವರಿಗೇನು ಗೊತ್ತು ಮಿಸ್? ಸತ್ತಳು ಅಂತ ದಿನಾ ಹೇಳ್ತಿದ್ರಲ್ಲ, ಅದಕ್ಕಿಂತ ಇದು ಮೇಲಲ್ವಾ?” ಮೇಲೇ. ಆದರೆ ಅವೆರಡೇ ದಾರಿಗಳಿರಲಿಲ್ಲ. ಮೂರನೆಯ ದಾರಿ ಮಂಡ್ಯದಲ್ಲಿತ್ತು, ಅಲ್ಲಿಗೆ ಬಸ್ಸು ಓಡಾಡುತ್ತಿತ್ತು.

ಆ ದಾರಿಯನ್ನು ಶ್ವೇತ ತೋರಿಸಿದ್ದಳು ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಆ ದಿನಗಳಲ್ಲಿ ಮಂಗಳಮ್ಮನಿಗೆ ಸಂಜೆ ಮಬ್ಬಾದರೂ ಬೆಳಗಿನ ಹೊತ್ತು ಸ್ವಲ್ಪ ತಿಳಿಯಾಗಿರುತ್ತಿತ್ತು. ಒಂದು ಬೆಳಿಗ್ಗೆ ಸೊಸೆಯ ಕೈ ಹಿಡಿದು, “ಭಾನ್ವಾರ ಬರೋಳು ನಮ್ ಸೌಮ್ಯ ಅಲ್ಲ ಕಣೆ, ಅಲ್ವಾ? ನಂಗೊತ್ತು. ಒಂದ್ಸಲ ಅವಳ್ನ ಕರ್ಸು” ಎಂದರಂತೆ. ಶ್ವೇತ ಅದನ್ನು ನಾಗಶ್ರೀಗೆ ಹೇಳಿದಳು. “ಸೌಮ್ಯಕ್ಕನ ನಂಬರು ನನ್ನತ್ರ ಅದೆ ಸಿಸ್ಟರ್. ನಾನೇಳಿದ್ರೆ ಇವರು ರೇಗ್ತಾರೆ. ನೀವು ಏಳಿದ್ರೆ ಕೇಳ್ತಾರೆ. ಕರೆಸ್ಬುಡಣ್ವಾ?”

ನಾಗಶ್ರೀ ನಂಬರು ಬರೆಸಿಕೊಂಡಳು. ಆಮೇಲೆ, “ಸ್ವಲ್ಪ ದಿನ ಹೋಗ್ಲಿ ಶ್ವೇತ. ಈಗ ಇಬ್ಬಿಬ್ಬರು ಸೌಮ್ಯ ಆದ್ರೆ ಅವರಿಗೆ ಗಲಿಬಿಲಿ ಆಗುತ್ತೆ. ಸ್ಟೇಬಲ್ ಆಗಿದ್ದಾರೆ, ಕೆಡಿಸೋದು ಬೇಡ” ಎಂದಳು. ಓದಿದವಳು ಹೇಳಿದ ಮೇಲೆ ಮುಗಿಯಿತು. ಶ್ವೇತ ಮತ್ತೆ ಕೇಳಲಿಲ್ಲ. ತಾನು ಹಾಗೆ ಹೇಳುವಾಗ ಮುದುಕಿಯ ಮನಸ್ಸಿನ ಸಮಾಧಾನ ಎಷ್ಟು, ಪ್ರಬಂಧ ಎಷ್ಟು, ಆ ಅಡುಗೆಮನೆಯ ಮಣೆ ಎಷ್ಟು ಎಂದು ಈಗ ನಾಗಶ್ರೀ ತನ್ನನ್ನೇ ತೂಗಿ ನೋಡಿಕೊಳ್ಳುತ್ತಿರುತ್ತಾಳೆ. ಅಷ್ಟು ಸಣ್ಣಗೆ ತೂಗಬೇಡ ಎಂದರೂ ಕೇಳುವುದಿಲ್ಲ.

ಮಳೆಗಾಲ ಮುಗಿಯುವಷ್ಟರಲ್ಲಿ ಮಂಗಳಮ್ಮನ ಬೆಳಗುಗಳೂ ಮಬ್ಬಾದವು.

ಮೈಸೂರಿನಲ್ಲಿ ಮೌಖಿಕ ಪರೀಕ್ಷೆ ನಡೆದ ದಿನ ಹೊರಗಿನಿಂದ ಬಂದ ಪರೀಕ್ಷಕರು ಪ್ರಬಂಧವನ್ನು ಹೊಗಳಿದರು. ಮಡಿಲಕ್ಕಿಯ ಭಾಗವನ್ನಂತೂ ಎರಡು ಸಲ ಓದಿದೆ ಎಂದರು. ಎದ್ದು ಹೊರಡುವ ಮುಂಚೆ, ಏನೋ ನೆನಪಾದವರಂತೆ, ಆ ನಿಜವಾದ ಮಗಳು ಎಲ್ಲಿದ್ದಾಳೆ ಎಂದು ಕೇಳಿದರು. ಮಂಡ್ಯದಲ್ಲಿ ಎಂದಳು. ಓ, ಅಮೆರಿಕವೋ ಏನೋ ಅಂದುಕೊಂಡಿದ್ದೆ ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. ಡಿಸ್ಟಿಂಕ್ಷನ್ ಕೊಟ್ಟರು. ಬಸ್ಸಿನಲ್ಲಿ ಬರುವಾಗ ಗಂಡ ಫೋನು ಮಾಡಿ ಸ್ವೀಟು ತರಲೇ ಎಂದರೆ ಇವಳು ಬೇಡವೆಂದು ಫೋನಿಟ್ಟಳು. ಮಾರನೆಯ ದಿನ ಮಹಡಿಯಿಂದ ಇಳಿದು ಬಂದು, ಶ್ವೇತ ನಂಬರು ಕೊಟ್ಟದ್ದು, ತಾನು ತಡೆದದ್ದು ಎಲ್ಲವನ್ನೂ ನನ್ನ ಮುಂದೆ ಹೇಳಿದಳು. ನಾನು ಬಾಯಿಗೆ ಬಂದಂತೆ ಬೈದೆ. ಬೈಸಿಕೊಂಡಳು.

ಸೌಮ್ಯಳನ್ನು ಕರೆಸಲೇ ಎಂದು ಮೊದಲು ಶಶಿಧರ್‌ನನ್ನು ಕೇಳಿದಳು. ಅವನು ರೇಗಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತುಕೊಂಡೇ ಫೋನಿನಲ್ಲಿ, “ಬರ್ಲಿ ಬುಡಿ ಸಿಸ್ಟರ್. ಅವ್ವನೇ ಇಂಗಾದ್ಮೇಲೆ ಯಾರ ಮ್ಯಾಲೆ ಏನು ಸಿಟ್ಟು. ನೀವು ಆಗ್ಲೇ ಏಳಿದ್ರೂ ನಾನು ಬ್ಯಾಡ ಅಂತಿರ್ಲಿಲ್ಲ” ಎಂದ.

ಆಮೇಲೆ ಸೌಮ್ಯಳಿಗೆ ಫೋನು. ನನ್ನ ಎದುರಿಗೇ ಕುಳಿತು ಮಾಡಿದಳು. ಅತ್ತ ಕಡೆಯಿಂದ ಒಂದೇ ಪ್ರಶ್ನೆ ಬಂತು.

“ಅವ್ವನೇ ಕೇಳಿದ್ಲಾ? ನನ್ನ ಕರ್ಸು ಅಂತ?”

“ಕೇಳಿದ್ರು. ನಾನೇ ತಡ ಮಾಡ್ದೆ” ಎಂದಳು ನಾಗಶ್ರೀ. ಮಡಿಲಕ್ಕಿಯನ್ನೂ ಮುಚ್ಚಿಡಲಿಲ್ಲ, ಎಲ್ಲ ಹೇಳಿದಳು. ಸೌಮ್ಯ ಬೈಯಲಿಲ್ಲ. ಭಾನುವಾರ ಬರುತ್ತೇನೆ ಎಂದಳು.

ನಾಗಶ್ರೀಗೆ ಆ ದಿನ ಅಲ್ಲಿಗೆ ಹೋಗುವ ಮನಸ್ಸಿರಲಿಲ್ಲ. ಆದರೆ ಮುದುಕಿ ಹೊಸಬರನ್ನು ಕಂಡರೆ ಹೆದರುತ್ತಾರೆ, ನೀವಿರಿ ಎಂದು ಶ್ವೇತ ಗೋಗರೆದಳು. ಜೊತೆಗೆ ಬನ್ನಿ ಮಿಸ್ ಎಂದು ಇವಳು ನನ್ನನ್ನು ಹೊರಡಿಸಿದಳು. ಬೇಕೆಂದೇ ಹಳೆಯ ಚೂಡಿದಾರ ಹಾಕಿಕೊಂಡಿದ್ದಳು, ತಲೆಗೆ ಹೂವಿಲ್ಲ. ಮದ್ದೂರು ಕಡೆಯ ಬಸ್ಸಿನಲ್ಲಿ ಹೋಗಿ ನಡುವೆ ಇಳಿದು, ಆಟೋ ಹಿಡಿದು ಆತಗೂರು ಮುಟ್ಟಿದೆವು. ದಾರಿಯುದ್ದಕ್ಕೂ ಅವಳದು ಒಂದೇ ಮಾತು, ಒಂದು ಸಲ ಗುರುತು ಸಿಕ್ಕಿಬಿಟ್ಟರೆ ಸಾಕು, ಒಂದೇ ಸಲ.

ಸೌಮ್ಯ ನಮಗಿಂತ ಮೊದಲೇ ಬಂದಿದ್ದಳು. ಕೂದಲು ನೆರೆಯಲು ಶುರುವಾದ, ಶಾಂತ ಮುಖದ ಹೆಂಗಸು. ಅಶೋಕ ಮದ್ದೂರಿನಲ್ಲಿ ಸ್ನೇಹಿತರ ಮನೆಯಲ್ಲಿ ಉಳಿದುಕೊಂಡು, ಮೊದಲು ನೀನೊಬ್ಬಳೇ ಹೋಗಿ ಬಾ ಎಂದನಂತೆ. ನಡುಮನೆಯಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಎದುರಿಗೆ ಮಂಗಳಮ್ಮ ನೆಲದ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು, ಕಾಳನ್ನು ಸಿಪ್ಪೆಯ ಜೊತೆಗೇ ಹಾಕುತ್ತಿದ್ದರು. ಶಶಿಧರ್ ಕಂಬಕ್ಕೆ ಒರಗಿ ನಿಂತಿದ್ದ. ಒಡಹುಟ್ಟಿದವರ ನಡುವೆ ಆಗಲೇ ಅಳು ಮುಗಿದಿತ್ತು ಎಂದು ಇಬ್ಬರ ಕಣ್ಣುಗಳೇ ಹೇಳುತ್ತಿದ್ದವು.

ನಾಗಶ್ರೀ ಒಳಗೆ ಬರಲಿಲ್ಲ, ಜಗುಲಿಯ ಮೇಲೇ ಕುಳಿತಳು. ನನಗೆ ಒಳಗೆ ಹೋಗಿ ಎಂದು ಸನ್ನೆ ಮಾಡಿದಳು.

ಸೌಮ್ಯ ಕುರ್ಚಿಯಿಂದಿಳಿದು ತಾಯಿಯ ಪಕ್ಕ ಕುಳಿತು ಕೈ ಹಿಡಿದುಕೊಂಡಳು. “ಅವ್ವ, ನಾನು ಸೌಮ್ಯ.”

ಮಂಗಳಮ್ಮ ಅವಳನ್ನು ನೋಡಿ ಪ್ರೀತಿಯಿಂದಲೇ ನಕ್ಕರು. “ನಿಮ್ಮೆಸ್ರೂ ಸೌಮ್ಯನಾ? ನನ್ ಮಗಳೆಸ್ರೂ ಅದೇಯಾ.” ಆಮೇಲೆ ಸೊಸೆಯ ಕಡೆ ತಿರುಗಿ, “ಆಸ್ಪತ್ರೆಯವ್ರು ಕಣೆ, ಮದ್ದು ಕೊಡಕ್ಕೆ ಬಂದವ್ರೆ. ಕಾಪಿ ಕೊಡು” ಎಂದರು.

ಸೌಮ್ಯ ಬಿಡಲಿಲ್ಲ. ಚಿಕ್ಕಂದಿನಲ್ಲಿ ನಾಲೆಗೆ ಬಿದ್ದದ್ದು ಹೇಳಿದಳು, ಅಪ್ಪ ಕರಿಯಪ್ಪ ಮದ್ದೂರಿನಿಂದ ವಡೆ ತರುತ್ತಿದ್ದದ್ದು ಹೇಳಿದಳು, ಹಣೆಯ ಮೇಲಿನ ಹಳೆಯ ಗಾಯ ತೋರಿಸಿದಳು. ತಾಯಿ ಗಾಯವನ್ನು ಬೆರಳಿನಿಂದ ಸವರಿ, “ಪಾಪ, ನಮ್ಮುಡುಗಿಗೂ ಇಲ್ಲೇ ಏಟಾಗಿತ್ತು” ಎಂದರು. ಜಗುಲಿಯ ಮೇಲೆ ನಾಗಶ್ರೀ ತಡೆದುಕೊಳ್ಳಲಾರದೆ ಬಿಕ್ಕಿದ್ದು ಒಳಗೆ ಕೇಳಿಸಿತು. ಕೇಳಿಸಿದ್ದೇ ತಡ ಮಂಗಳಮ್ಮ ಎದ್ದರು.

“ಅಯ್ಯೋ, ನನ್ ಮಗಳು ಬಂದವ್ಳೆ. ಯಾಕವ್ವ ಒರಗೇ ಕುಂತಿದ್ದೀಯ, ಪರದೇಸಿಯಂಗೆ?”

ಕೈ ಹಿಡಿದು ಎಳೆದು ತಂದರು. ನಾಗಶ್ರೀ ಹೆಜ್ಜೆ ಹೆಜ್ಜೆಗೂ, ನಾನಲ್ಲ ಕಣವ್ವ, ಅವರು, ಅಲ್ಲಿ ನೋಡು ಎನ್ನುತ್ತಲೇ ಬಂದಳು. ಮಂಗಳಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಬಂದವಳು ಈಗಲೇ ಹೊರಟುಬಿಡುತ್ತಾಳೆಂದು ಅದೇಕೋ ಅವರಿಗೆ ಅನಿಸಿತು. ಒಳಗೆ ಹೋಗಿ ಮೊರದ ತುಂಬ ಅಕ್ಕಿ ತಂದರು, ಮೇಲೆ ಬೆಲ್ಲದಚ್ಚು. ವೇಲನ್ನು ತಾವೇ ಎಳೆದು ಹರಡಿದರು.

“ನಂಗ್ಬ್ಯಾಡ ಕಣವ್ವ” ನಾಗಶ್ರೀ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡಳು. “ಅವರಿಗೆ ತುಂಬು. ನಿನ್ನ ಕಾಲಿಗೆ ಬೀಳ್ತೀನಿ, ಅವರಿಗೆ ತುಂಬು.”

ಮಂಗಳಮ್ಮನ ಮುಖ ಬಿಳಿಚಿಕೊಂಡಿತು. ಮೊರ ವಾಲಿ ಒಂದಿಷ್ಟು ಅಕ್ಕಿ ನೆಲಕ್ಕೆ ಚೆಲ್ಲಿತು. ಯಾವತ್ತೂ ಆ ಮನೆಯವರ ಮುಂದೆ ಬಾಯಿಬಿಡದ ಮಾತನ್ನು ಅವರು ಆಗ ಆಡಿದರು.

“ಇನ್ನೂ ಮುನಿಸ್ಕಂಡಿದ್ದೀಯಾ? ಅವತ್ತು ಬಾಗ್ಲಲ್ಲಿ ನಿಂತ್ಕಂಡು ಬರೀ ಮಡ್ಲಲ್ಲಿ ಕಳಿಸ್ಬುಟ್ಟೆ. ಆ ಉಡುಗ ಕೈಯಲ್ಲಿ ಹೂವ ಇಡ್ಕಂಡು ನಿಂತಿದ್ದ. ಒಳಿಕ್ಕೆ ಬನ್ನಿ ಅನ್ನಕ್ಕೆ ನನ್ನ ಬಾಯಿ ಬಿದ್ದೋಗಿತ್ತು. ತಪ್ಪಾಯ್ತು ಕಣ್ ಮಗ. ನನ್ ಕಡೆಯಿಂದ ತಪ್ಪಾಯ್ತು.”

ಇಪ್ಪತ್ತು ವರ್ಷದಿಂದ ಆ ಮಾತಿಗೆ ಕಾದಿದ್ದವಳು ಅಲ್ಲೇ, ಒಂದು ಮಾರು ದೂರದಲ್ಲಿ ನಿಂತಿದ್ದಳು. ತಾಯಿ ಅದನ್ನು ಹೇಳಿದ್ದು ಬೇರೆಯವಳ ಮುಖ ನೋಡಿಕೊಂಡು. ಶಶಿಧರ್ ಗೋಡೆಯ ಕಡೆ ತಿರುಗಿಕೊಂಡ. ನಾಗಶ್ರೀಯ ಕಣ್ಣುಗಳು ಸೌಮ್ಯಳನ್ನು ಹುಡುಕಿದವು. ನನಗೆ ಎದ್ದು ಹೊರಗೆ ಹೋಗಿಬಿಡಬೇಕೆನಿಸಿತು.

ಸೌಮ್ಯ ನಿಧಾನವಾಗಿ ನಡೆದು ಬಂದು ನಾಗಶ್ರೀಯ ಬೆನ್ನ ಹಿಂದೆ ನಿಂತಳು. ಹಿಂದಕ್ಕೆ ಕಟ್ಟಿದ್ದ ಅವಳ ಕೈಗಳನ್ನು ಬಿಡಿಸಿ, ವೇಲಿನ ಎರಡು ತುದಿಗಳನ್ನು ಹಿಡಿಸಿದಳು. “ಒಡ್ಡಿ ಸಿಸ್ಟರ್. ಬೇಡ ಅಂದ್ರೆ ಅವ್ವ ಅಳ್ತಾಳೆ” ಎಂದಳು. ನಾಗಶ್ರೀ ಒಡ್ಡಿದಳು. ಮಂಗಳಮ್ಮ ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು.

“ಆಯ್ತು ಬುಡವ್ವ” ಎಂದಳು ಸೌಮ್ಯ, ಅವಳ ಭುಜದ ಹಿಂದಿನಿಂದ. “ನಂಗೆ ಯಾವ ಮುನಿಸೂ ಇಲ್ಲ. ತುಂಬು.”

ಮಂಗಳಮ್ಮ ನಾಗಶ್ರೀಯ ಮುಖವನ್ನೇ ನೋಡುತ್ತಾ ತಲೆಯಾಡಿಸಿದರು, ಕಣ್ಣೊರೆಸಿಕೊಂಡರು, ಮೊರದಲ್ಲಿ ಉಳಿದಿದ್ದ ಅಕ್ಕಿಯನ್ನೆಲ್ಲ ಅವಳ ಮಡಿಲಿಗೆ ಸುರಿದರು.